ಕೆಲಸಕ್ಕೆ ವಾಪಸ್ ಹೋಗ್ತಿದ್ದೀರಾ? ಎದೆಹಾಲು ಬಿಡಿಸ್ಬೇಡಿ, ಕೈಯಲ್ಲೇ ಹಿಂಡಿ ಇಡೋದು ಹೀಗೆ

ರಜೆ ಮುಗೀತಾ ಬಂತು ಅಂದ್ರೆ ಮನೇಲಿ ಮೊದಲು ಬರೋ ಮಾತು "ಇನ್ನು ಡಬ್ಬಿ ಹಾಲು ಶುರು ಮಾಡ್ಬಿಡೋಣ" ಅಂತ. ಬೇಕಾಗಿಲ್ಲ. ಆರು ತಿಂಗಳ ತನಕ ಎದೆಹಾಲು ಬಿಟ್ಟು ನೀರೂ ಬೇಡ, ಆಮೇಲೆ ಮೇಲೂಟದ ಜೊತೆ ಎರಡು ವರ್ಷ, ಇನ್ನೂ ಮುಂದಕ್ಕೂ ಕುಡಿಸ್ಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಭೇದಿ, ನ್ಯುಮೋನಿಯಾದಿಂದ ಮಗೂನ ಕಾಪಾಡುತ್ತೆ, ತಾಯಿಗೂ ಸ್ತನ ಕ್ಯಾನ್ಸರ್ ಅಪಾಯ ಕಮ್ಮಿ ಆಗುತ್ತೆ. 2017ರಲ್ಲಿ 26 ವಾರದ ಹೆರಿಗೆ ರಜೆ ಕಾನೂನು ಬಂತು ನಿಜ, ಆದ್ರೆ ಕೂಲಿಗೆ ಹೋಗೋರಿಗೆ, ಮನೆಗೆಲಸ ಮಾಡೋರಿಗೆ ಅದೆಲ್ಲಿ ಸಿಗುತ್ತೆ ಹೇಳಿ, ಅವರಿಗಂತೂ ಪಂಪ್ ಇಲ್ದೆ ಖರ್ಚಿಲ್ದೆ ಆಗೋ ಈ ವಿದ್ಯೆ ಬೇಕೇ ಬೇಕು.

ಕೆಲಸಕ್ಕೆ ಸೇರೋ ಎರಡು ವಾರ ಮುಂಚೇನೇ ಅಭ್ಯಾಸ ಶುರು ಮಾಡಿ. ಬೆಳಗ್ಗೆ ಮಗು ಕುಡಿದ ಮೇಲೆ ಒಂದ್ಸಲ ಹಿಂಡಿ ನೋಡಿ, ಮೊದಮೊದಲು ನಾಲ್ಕು ಹನಿ ಬಂದ್ರೂ ಗಾಬರಿ ಬೇಡ.

ಮುಚ್ಚಳ ಇರೋ ಸ್ಟೀಲ್ ಅಥವಾ ಗಾಜಿನ ಡಬ್ಬಿ ಸೋಪಲ್ಲಿ ತೊಳೆದು ಕುದಿಯೋ ನೀರಲ್ಲಿ ಹಾಕಿ ತೆಗೀರಿ. ಕೈ ತೊಳ್ಕೊಂಡು ಆರಾಮಾಗಿ ಕೂತ್ಕೊಳ್ಳಿ, ಎದೆಗೆ ಬಿಸಿ ಬಟ್ಟೆ ಇಟ್ಟು ಮೆಲ್ಲಗೆ ನೀವಿ, ಅಮ್ಮನೋ ಗಂಡನೋ ಬೆನ್ನು ಉಜ್ಜಿದ್ರೆ ಇನ್ನೂ ಒಳ್ಳೇದು, ಮಗು ಫೋಟೋ ನೋಡಿದ್ರೂ ಹಾಲು ಇಳಿಯುತ್ತೆ, ಯಾಕಂದ್ರೆ ಹಾಲು ಇಳಿಸೋ ಆಕ್ಸಿಟೋಸಿನ್ ಹಾರ್ಮೋನಿಗೆ ಮನಸ್ಸು ನೆಮ್ಮದಿಯಾಗಿರ್ಬೇಕು.

ಈಗ ಮುಖ್ಯವಾದದ್ದು. ತೊಟ್ಟಿನ ಸುತ್ತ ಕಪ್ಪಗಿರುತ್ತಲ್ಲ, ಅದರ ಅಂಚಿಗೆ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಇಡಿ. ಮೊದಲು ಎರಡೂ ಬೆರಳನ್ನ ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಒಂದಕ್ಕೊಂದು ಅದುಮಿ, ಬಿಡಿ. ಒತ್ತಿ, ಅದುಮಿ, ಬಿಡಿ. ಹಸು ಹಾಲು ಕರೆದ ಹಾಗೆ ತೊಟ್ಟು ಎಳೀಬಾರ್ದು, ಬೆರಳು ಚರ್ಮದ ಮೇಲೆ ಜಾರಿಸ್ಬಾರ್ದು, ನೋವಾಗ್ತಿದ್ರೆ ಬೆರಳು ಇಟ್ಟ ಜಾಗ ತಪ್ಪಿದೆ ಅಂತ. ಬೆರಳನ್ನ ಸುತ್ತಲೂ ಸರಿಸ್ತಾ ಹೋಗಿ, ಒಂದು ಕಡೆ ಮೂರ್ನಾಲ್ಕು ನಿಮಿಷ, ಹಾಲು ಕಮ್ಮಿಯಾದಾಗ ಇನ್ನೊಂದು ಕಡೆ, ಮತ್ತೆ ಇದಕ್ಕೆ, ಹೀಗೆ ಎಲ್ಲಾ ಸೇರಿ 20ರಿಂದ 30 ನಿಮಿಷ ಹಿಡಿಯುತ್ತೆ.

ಹಿಂಡಿದ್ದು 25 ಡಿಗ್ರಿ ಒಳಗಿನ ತಂಪು ಜಾಗದಲ್ಲಿ 4 ಗಂಟೆ ಇರುತ್ತೆ, ರಾಯಚೂರು ಕಲಬುರಗಿ ಬೇಸಿಗೇಲಿ ಹೊರಗಿಟ್ಟು ನಂಬ್ಕೋಬೇಡಿ, ಐಸ್ ಪ್ಯಾಕ್ ಹಾಕಿದ ಬ್ಯಾಗಲ್ಲಿಡಿ. ಫ್ರಿಜ್ಜಿನ ಒಳಭಾಗದಲ್ಲಿ, ಬಾಗಿಲಲ್ಲಿ ಅಲ್ಲ, 4 ದಿನದ ತನಕ ಇಡ್ಬಹುದು ಅಂತಾರೆ, ಕರೆಂಟ್ ಹೋಗಿ ಬಂದು ಮಾಡೋ ಊರಲ್ಲಾದ್ರೆ ಒಂದೇ ದಿನದಲ್ಲಿ ಮುಗಿಸಿ ಅನ್ನೋದು ನನ್ನ ಮಾತು. ತಿಂಗಳು ತುಂಬದೆ ಹುಟ್ಟಿದ ಮಗು ಆದ್ರೆ ಡಾಕ್ಟರ್ ಹೇಳಿದ್ದೇ ಲೆಕ್ಕ. ಡಬ್ಬಿ ಮೇಲೆ ಟೈಮ್ ಬರೀರಿ.

ಕೆನೆ ಮೇಲೆ ಬಂದು ಕೆಳಗೆ ನೀರಾಗಿ ಕಂಡ್ರೆ ಅತ್ತೆಯವರು ಕೆಟ್ಟಿದೆ ಅಂತ ಚೆಲ್ಬಿಡ್ಬಹುದು, ಮೊದ್ಲೇ ಹೇಳಿಡಿ, ಅದು ಸಹಜ, ಮೆಲ್ಲಗೆ ಅಲ್ಲಾಡಿಸಿದ್ರೆ ಸೇರ್ಕೊಳ್ಳುತ್ತೆ. ಒಲೆ ಮೇಲೆ ಕಾಯಿಸ್ಬೇಡಿ, ಮೈಕ್ರೋವೇವೂ ಬೇಡ, ಡಬ್ಬೀನ ಬಿಸಿನೀರಿನ ಪಾತ್ರೇಲಿ ಇಟ್ಟು ಬೆಚ್ಚಗೆ ಮಾಡಿ ಒಳಲೇಲೋ ಚಮಚದಲ್ಲೋ ಸಣ್ಣ ಲೋಟದಲ್ಲೋ ಕುಡಿಸಿ. ಮಗು ಬಾಯಿ ಇಟ್ಟು ಬಿಟ್ಟಿದ್ದನ್ನ ಮತ್ತೆ ಫ್ರಿಜ್ಜಿಗೆ ಹಾಕ್ಬಾರ್ದು.

ಆಫೀಸಲ್ಲೂ ಮೂರು ಗಂಟೆಗೊಮ್ಮೆ ಹಿಂಡ್ಲೇಬೇಕು, ಎದೆ ತುಂಬೇ ಇದ್ರೆ ದೇಹ ಹಾಲು ಮಾಡೋದನ್ನೇ ಕಮ್ಮಿ ಮಾಡುತ್ತೆ. ಟಾಯ್ಲೆಟ್ಟಲ್ಲಿ ನಿಂತು ಹಿಂಡೋ ಗತಿ ಯಾವ ತಾಯಿಗೂ ಬರಬಾರ್ದು, ಒಂದು ಸ್ವಚ್ಛ ರೂಮ್ ಕೇಳಿ. ಕಾನೂನಲ್ಲಿ ಮಗೂಗೆ 15 ತಿಂಗಳಾಗೋ ತನಕ ದಿನಕ್ಕೆ ಎರಡು ಹಾಲೂಡಿಸೋ ವಿರಾಮ ಇದೆ, 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರಾನೂ ಇರ್ಬೇಕು. ಮನೆಗೆ ಬಂದ ಮೇಲೆ, ರಾತ್ರಿ ಎಲ್ಲಾ ಮಗೂಗೆ ನೇರವಾಗಿ ಕುಡಿಸಿ, ರಾತ್ರಿ ಕುಡಿಸೋದ್ರಿಂದ್ಲೇ ಹಾಲು ಉಳಿಯೋದು.

ಎದೆ ಕಲ್ಲಾಗಿ ಕೆಂಪಾಗಿ ಜ್ವರ ಬಂದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಿ, ಹಾಲು ಕುಡಿಸೋದು ಮಾತ್ರ ನಿಲ್ಲಿಸ್ಬೇಡಿ.