ಮಕ್ಕಳ ವೆಬ್‌ಸೈಟಿಗೆ ಡಾಟ್ ಯುಎಸ್ ಹೆಸರು ತಗೊಳ್ಳುವ ಮುಂಚೆ ಸ್ವಲ್ಪ ನಿಲ್ಲಿ

ಕಳೆದ ರಜೆಯಲ್ಲಿ ಮಂಗಳೂರಿಗೆ ಬಂದಾಗ ಕದ್ರಿಯ ಅತ್ತೆ ಮನೆಯಲ್ಲಿ ಗೋಳಿಬಜೆ ತಿನ್ನುತ್ತಾ ಕೂತಿದ್ದೆ. ಅತ್ತೆಯ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. "ಭಾವ, ನೋಡಿ, ಡೊಮೇನ್ ಬುಕ್ ಮಾಡ್ತಿದ್ದೇನೆ." ಡೊಮೇನ್ ಅಂದರೆ ವೆಬ್‌ಸೈಟಿನ ಹೆಸರು. ಮುಂದಿನ ತಿಂಗಳು ಗಂಡ ಹೆಂಡತಿ ಟೆಕ್ಸಾಸ್‌ಗೆ ಹೊರಟವರು. ಅಲ್ಲಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕನ್ನಡ, ಒಂದಿಷ್ಟು ಯಕ್ಷಗಾನದ ಹೆಜ್ಜೆ ಕಲಿಸುವ ಆಸೆ ಅವನ ಹೆಂಡತಿಗೆ. ಫೀಸು ತಗೊಂಡರೆ ವೀಸಾದ ತಲೆನೋವು ಬೇರೆ. ಅದನ್ನು ಇಲ್ಲಿ ಎಳೆಯುವುದಿಲ್ಲ.

ಹೆಸರಿನ ಕೊನೆಯಲ್ಲಿ ಡಾಟ್ ಯುಎಸ್ ಇತ್ತು. "ಎಂತ ಮಾರಾಯ, ನಿಲ್ಲು" ಎಂದೆ.

ಡಾಟ್ ಯುಎಸ್ ಹೆಸರು ಎಲ್ಲರಿಗೂ ಅಲ್ಲ. ಅಮೆರಿಕದ ಪ್ರಜೆ ಆಗಿರಬೇಕು, ಇಲ್ಲವೇ ಅಲ್ಲಿ ವಾಸ ಇರಬೇಕು, ಇಲ್ಲವೇ ಅಲ್ಲಿ ನಿಜವಾದ ಕೆಲಸ ಕಾರ್ಯ ನಡೆಸುತ್ತಿರಬೇಕು. ಕದ್ರಿಯಲ್ಲಿ ಕೂತು ತಗೊಂಡರೆ ಹೆಸರು ಕೈತಪ್ಪಬಹುದು. ಅದು ಸಣ್ಣ ತೊಂದರೆ. ದೊಡ್ಡದು ಮನೆ ವಿಳಾಸದ್ದು. ಡೊಮೇನ್ ತಗೊಳ್ಳುವಾಗ ತುಂಬಿದ ವಿವರ ಯಾರು ಬೇಕಾದರೂ ನೋಡುವಂಥ ಪಟ್ಟಿಗೆ ಹೋಗುತ್ತದೆ.

ಡಾಟ್ ಕಾಮ್ ತಗೊಂಡರೆ ನಿಮ್ಮ ಹೆಸರು, ಫೋನು ಮುಚ್ಚಿಡುವ ಪ್ರೈವೆಸಿ ಸೌಲಭ್ಯ ಸಿಗುತ್ತದೆ. ಡಾಟ್ ಯುಎಸ್‌ಗೆ ಅದನ್ನು ಅಲ್ಲಿನ ಸರ್ಕಾರ 2005ರಲ್ಲೇ ನಿಷೇಧಿಸಿತು. ನಾನು ಅಮೆರಿಕಕ್ಕೆ ಹೊಸದಾಗಿ ಹೋಗಿ ಡಾಟ್ ಯುಎಸ್ ಹೆಸರು ತಗೊಂಡಾಗ ಇದು ಗೊತ್ತಿರಲಿಲ್ಲ. ಮಕ್ಕಳಿಗೆ ವರ್ಣಮಾಲೆ ಕಲಿಸುವ ಪುಟ, ಯಾರಿಗೆ ಬೇಕು ನನ್ನ ವಿಳಾಸ ಅಂದುಕೊಂಡು ಮನೆ ನಂಬರು, ಮೊಬೈಲು ಎಲ್ಲ ತುಂಬಿದೆ. ಮರುದಿನ ಬೆಳಿಗ್ಗೆ ಕಾಫಿ ಮುಗಿಯುವಷ್ಟರಲ್ಲಿ ಏಳು ಕರೆ. ಎಲ್ಲರಿಗೂ ನನ್ನ ವೆಬ್‌ಸೈಟ್ ಕಟ್ಟಿಕೊಡುವ ಉತ್ಸಾಹ!

ಕರೆಗಳನ್ನಾದರೂ ಕತ್ತರಿಸಬಹುದು. ಕೆಲವು ತಿಂಗಳ ಮೇಲೆ ಅಂಚೆಯಲ್ಲಿ ಒಂದು ಕಾಗದ ಬಂತು. ಸರ್ಕಾರಿ ನೋಟಿಸಿನ ಹಾಗೆಯೇ ಇತ್ತು. ಮೇಲೆ ಮುದ್ರೆ, ನಡುವೆ ನನ್ನ ಡೊಮೇನ್ ಹೆಸರು, ಕೊನೆಯ ದಿನಾಂಕ ದಪ್ಪ ಅಕ್ಷರದಲ್ಲಿ, ಕೆಳಗೆ ಹರಿದು ಚೆಕ್ ಜೊತೆ ಕಳಿಸುವ ಚೀಟಿ. 228 ಡಾಲರ್. ಹೊಸದಾಗಿ ಬಂದವನಿಗೆ ಆ ದೇಶದ ಯಾವ ಕಾಗದ ಕಂಡರೂ ಹೆದರಿಕೆ, ಅಲ್ವಾ? ಕಟ್ಟಿದೆ. ಆಮೇಲೆ ನೋಡಿದರೆ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ "ಇದು ಬಿಲ್ ಅಲ್ಲ" ಎಂದಿತ್ತು. ನನ್ನ ಡೊಮೇನಿಗೂ ಅವರಿಗೂ ಸಂಬಂಧವೇ ಇಲ್ಲ. ನಿಜವಾದ ನವೀಕರಣಕ್ಕೆ ಹತ್ತು ಡಾಲರ್ ಚಿಲ್ಲರೆ ಸಾಕಿತ್ತು.

ನವೀಕರಣ ಯಾವತ್ತೂ ನೀವು ಹೆಸರು ಕೊಂಡ ಕಡೆಯೇ ಲಾಗಿನ್ ಆಗಿ ಮಾಡಿ. ಅಂಚೆಯಲ್ಲಿ ಬಂದದ್ದನ್ನು ನಂಬಬೇಡಿ.

"ಹಾಗಾದರೆ ಡಾಟ್ ಕಿಡ್ಸ್?" ಎಂದ ಅವನು. ಅಮೆರಿಕ ಮೊದಲು ಕಿಡ್ಸ್ ಡಾಟ್ ಯುಎಸ್ ಅಂತ 2002ರಲ್ಲಿ ಕಾನೂನು ಮಾಡಿಯೇ ಒಂದು ಬೇಲಿ ಹಾಕಿತ್ತು. ಒಳಗಿನ ಪುಟದಿಂದ ಹೊರಗಿನ ಪುಟಕ್ಕೆ ಲಿಂಕ್ ಕೊಡುವಂತಿಲ್ಲ, ಸುರಕ್ಷಿತ ಎಂದು ತೋರಿಸದೆ ಚಾಟ್ ಇಡುವಂತಿಲ್ಲ. ಅಷ್ಟು ಬಿಗಿ ಮಾಡಿದರೆ ಯಾರು ಬರುತ್ತಾರೆ? 2012ರಲ್ಲಿ ನಿಲ್ಲಿಸಿದರು. ಈಗಿನ ಡಾಟ್ ಕಿಡ್ಸ್ 2022ರದ್ದು, ಹಾಂಗ್‌ಕಾಂಗ್‌ನ ಸಂಸ್ಥೆಯೊಂದು ನಡೆಸುತ್ತದೆ. ಹೆಸರು ಚೆಂದ. ಆದರೆ ಬೋರ್ಡಿನಲ್ಲಿ ಮಕ್ಕಳು ಅಂತ ಬರೆದ ಮಾತ್ರಕ್ಕೆ ಒಳಗಿನದಕ್ಕೆ ರಿಯಾಯಿತಿ ಇಲ್ಲ.

ಅಮೆರಿಕದಲ್ಲಿ ಕಾನೂನು ನೋಡುವುದು ಒಳಗೆ ಏನಿದೆ ಅಂತ. ಆನ್‌ಲೈನ್‌ನಲ್ಲಿ ಮಕ್ಕಳ ಮಾಹಿತಿ ಕಾಪಾಡುವ ಆ ಕಾನೂನಿನ ಹೆಸರು ಕೋಪಾ. ವ್ಯಾಪಾರದ ಸೈಟಾದರೆ, 13 ವರ್ಷದೊಳಗಿನ ಮಗುವಿನ ಹೆಸರು, ಫೋಟೋ, ಇಮೇಲ್ ತಗೊಳ್ಳುವ ಮೊದಲು ಅಪ್ಪ ಅಮ್ಮನ ಖಚಿತ ಒಪ್ಪಿಗೆ ಬೇಕು. 2019ರಲ್ಲಿ ಯೂಟ್ಯೂಬೇ ಇದೇ ವಿಷಯಕ್ಕೆ 17 ಕೋಟಿ ಡಾಲರ್ ಕಟ್ಟಲು ಒಪ್ಪಿತು. ನಮ್ಮ ಭಾರತದ 2023ರ ಡೇಟಾ ಕಾನೂನಿನಲ್ಲಿ ಮಕ್ಕಳೆಂದರೆ 18ರೊಳಗಿನವರು. ನನಗೆ ನಮ್ಮದೇ ಸರಿ ಅನಿಸುತ್ತದೆ. ಹದಿನಾಲ್ಕರ ಹುಡುಗ ದೊಡ್ಡವನಾದ ಅಂತ ನಮ್ಮಲ್ಲಿ ಯಾವ ತಾಯಿ ಒಪ್ಪುತ್ತಾಳೆ?

ಅವನು ಕೊನೆಗೆ ಡಾಟ್ ಕಾಮ್ ತಗೊಂಡ, ಪ್ರೈವೆಸಿ ಸಮೇತ. ನನ್ನ ಹಳೆಯ ಹೆಸರನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಮೊನ್ನೆ ಉಡುಪಿ ರಥಬೀದಿಯಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅಮೆರಿಕದ ನಂಬರಿಗೆ ಕರೆ ಬಂತು. "ಸರ್, ವೆಬ್‌ಸೈಟ್ ಬೇಕಾ?" ತುಳುವಿನಲ್ಲೇ "ಬೋಡ್ಚಿ" ಎಂದು ಇಟ್ಟೆ.