ಚದುರಿದ ಸಾಲುಗಳನ್ನು ಒಂದೇ ಗಂಟಿಗೆ ಕಟ್ಟುವ ಮ್ಯಾಕ್ರೊ

ಮುಂಗಾರು ಭತ್ತದ ಕಟಾವು ಶುರುವಾಯಿತೆಂದರೆ ಗಂಗಾವತಿ, ಕಾರಟಗಿಯ ರೈಸ್ ಮಿಲ್‌ಗಳ ಮುಂದೆ ಲಾರಿ, ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ತೂಕದ ಚೀಟಿ ಕೈಗೆ ಬಂದ ಹಾಗೆಲ್ಲ ಗುಮಾಸ್ತರು ಎಕ್ಸೆಲ್‌ನಲ್ಲಿ ಒಂದೊಂದು ಸಾಲು ತುಂಬುತ್ತಾರೆ: ದಿನಾಂಕ, ಗಾಡಿ ನಂಬರ್, ಊರು, ಚೀಲ, ತೇವಾಂಶ. ಸಂಜೆಗೆ, ತೇವಾಂಶ ಶೇ 17 ದಾಟಿದ ಗಾಡಿಗಳನ್ನು ಬೇರೆ ಹಾಳೆಗೆ ಸಾಗಿಸಬೇಕು. ಸರ್ಕಾರಿ ಖರೀದಿಗೆ ಅದೇ ಮಿತಿ. ಅದಕ್ಕಿಂತ ಹಸಿಯಾದ ಭತ್ತವನ್ನು ಮೊದಲು ಒಣಗಿಸಬೇಕು. ಕಂಟ್ರೋಲ್ ಕೀ ಒತ್ತಿ ಹಿಡಿದು ಅಲ್ಲೊಂದು ಇಲ್ಲೊಂದು ಸಾಲನ್ನು ಆರಿಸುತ್ತಾ ಹೋಗುವಾಗ ಬೆರಳು ಜಾರಿದರೆ ಆರಿಸಿದ್ದೆಲ್ಲ ಹೋಯಿತು. ದಿನವಿಡೀ ಲೆಕ್ಕ ಬರೆದು ದಣಿದವರ ಕಣ್ಣನ್ನು ಇದಕ್ಕಾಗಿ ಸವೆಸುವುದು ನನ್ನ ಮಟ್ಟಿಗೆ ಅನ್ಯಾಯ. ಫಿಲ್ಟರ್ ಹಾಕಿಯೂ ಇದನ್ನು ಮಾಡಬಹುದು. ಆದರೆ ಪ್ರತಿದಿನ ಅದೇ ಕೆಲಸವಿರುವವರು ಮ್ಯಾಕ್ರೊವನ್ನು, ಅಂದರೆ ಎಕ್ಸೆಲ್ ತಾನೇ ನಡೆಸಿಕೊಡುವ ಆದೇಶಗಳ ಪಟ್ಟಿಯನ್ನು, ಒಮ್ಮೆ ಬರೆದಿಟ್ಟುಕೊಂಡರೆ ಸಾಕು.

ಮೊದಲು ಫೈಲ್‌ನ ಒಂದು ನಕಲು ಮಾಡಿಟ್ಟುಕೊಳ್ಳಿ. ಮ್ಯಾಕ್ರೊ ಮಾಡಿದ್ದನ್ನು ಕಂಟ್ರೋಲ್ ಝಡ್ ಒತ್ತಿ ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಮೊದಲ ಹಾಳೆಯಲ್ಲಿ ಗಾಡಿಗಳ ಲೆಕ್ಕ, ಎರಡನೆಯದು ಖಾಲಿ ಇರಲಿ. ಆಲ್ಟ್ ಎಫ್11 ಒತ್ತಿ, ಇನ್ಸರ್ಟ್ ಮೆನುವಿನಲ್ಲಿ ಮಾಡ್ಯೂಲ್ ಆರಿಸಿ. ಬಿಳಿ ಹಾಳೆಯೊಂದು ತೆರೆದುಕೊಳ್ಳುತ್ತದೆ. ಕೆಳಗಿನದನ್ನು ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಆ ಎಡಿಟರ್‌ಗೆ ಕನ್ನಡ ಲಿಪಿ ಒಗ್ಗುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಕಾಣುತ್ತವೆ.

ಸಬ್ ತೇವ()
ಡಿಮ್ ಗುಂಪು ಆ್ಯಸ್ ರೇಂಜ್
ಕೊನೆ = ಸೆಲ್ಸ್(ರೋಸ್.ಕೌಂಟ್, 1).ಎಂಡ್(ಎಕ್ಸ್‌ಎಲ್‌ಅಪ್).ರೋ
ಫಾರ್ ಐ = 2 ಟು ಕೊನೆ
ಇಫ್ ಸೆಲ್ಸ್(ಐ, 5).ವ್ಯಾಲ್ಯೂ > 17 ದೆನ್
ಇಫ್ ಗುಂಪು ಈಸ್ ನಥಿಂಗ್ ದೆನ್
ಸೆಟ್ ಗುಂಪು = ರೋಸ್(ಐ)
ಎಲ್ಸ್
ಸೆಟ್ ಗುಂಪು = ಯೂನಿಯನ್(ಗುಂಪು, ರೋಸ್(ಐ))
ಎಂಡ್ ಇಫ್
ಎಂಡ್ ಇಫ್
ನೆಕ್ಸ್ಟ್ ಐ
ಇಫ್ ನಾಟ್ ಗುಂಪು ಈಸ್ ನಥಿಂಗ್ ದೆನ್
ಗುಂಪು.ಕಾಪಿ ಷೀಟ್ಸ್(2).ರೇಂಜ್("ಎ2")
ಗುಂಪು.ಡಿಲೀಟ್
ಎಂಡ್ ಇಫ್
ಎಂಡ್ ಸಬ್

ಇದರ ಜೀವ ಇರುವುದು ಯೂನಿಯನ್ ಎಂಬ ಒಂದು ಪದದಲ್ಲಿ. ಬೇರೆ ಬೇರೆ ಕಡೆ ಇರುವ ರೇಂಜ್‌ಗಳನ್ನು, ಅಂದರೆ ಹಾಳೆಯಲ್ಲಿ ಗುರುತಿಸಿದ ಸೆಲ್‌ಗಳನ್ನು, ಅದು ಒಂದೇ ರೇಂಜ್ ಆಗಿ ಹೆಣೆದು ಕೊಡುತ್ತದೆ. ಆದರೆ ಖಾಲಿ ಗುಂಪಿಗೆ ಏನನ್ನೂ ಸೇರಿಸಲು ಒಪ್ಪುವುದಿಲ್ಲ, ದೋಷ ತೋರಿಸಿ ನಿಂತುಬಿಡುತ್ತದೆ. ಆದ್ದರಿಂದಲೇ ನಥಿಂಗ್ ಪರೀಕ್ಷೆ: ಮೊದಲು ಸಿಕ್ಕ ಸಾಲೇ ಗುಂಪಾಗುತ್ತದೆ, ಮುಂದಿನವು ಬಂದು ಅದಕ್ಕೆ ಸೇರಿಕೊಳ್ಳುತ್ತವೆ. ಸೆಟ್ ಬರೆಯಲು ಮರೆತರೆ 91ನೇ ದೋಷ ಬರುತ್ತದೆ.

ಸಿಕ್ಕ ಸಾಲನ್ನು ಸಿಕ್ಕಲ್ಲೇ ಅಳಿಸಿದರೆ ಆಗದೇ, ಈ ಗುಂಪು ಏಕೆ ಎಂದು ಕಲಿಯುವವರೆಲ್ಲ ಕೇಳುತ್ತಾರೆ. ಆಗುವುದಿಲ್ಲ, ಅದರಿಂದ ಲೆಕ್ಕವೇ ಕೆಡುತ್ತದೆ. 12 ಮತ್ತು 13ನೇ ಸಾಲಿನ ಎರಡೂ ಗಾಡಿಗಳಲ್ಲಿ ತೇವಾಂಶ 19 ಇದೆ ಎನ್ನೋಣ. 12ನ್ನು ಅಳಿಸಿದೊಡನೆ 13ರಲ್ಲಿದ್ದ ಗಾಡಿ ಮೇಲೆ ಸರಿದು 12ಕ್ಕೆ ಬಂದು ಕೂರುತ್ತದೆ. ಎಣಿಕೆ ಮಾತ್ರ 13ಕ್ಕೆ ಹೋಗಿರುತ್ತದೆ. ಮೇಲೆ ಸರಿದ ಗಾಡಿಯನ್ನು ಯಾರೂ ನೋಡುವುದಿಲ್ಲ. ಹಸಿ ಭತ್ತ ಒಣ ಭತ್ತದ ಲೆಕ್ಕದಲ್ಲಿ ಉಳಿದುಬಿಡುತ್ತದೆ. ದೋಷದ ಸಂದೇಶವೂ ಬರುವುದಿಲ್ಲ, ನನಗೆ ಹೆದರಿಕೆ ಇರುವುದು ಅದಕ್ಕೇ. ಎಲ್ಲವನ್ನೂ ಮೊದಲು ಗುಂಪಿಗೆ ಸೇರಿಸಿ, ಕೊನೆಗೆ ಒಂದೇ ಏಟಿಗೆ ಅಳಿಸಿದರೆ ಯಾವ ಸಾಲೂ ತಪ್ಪಿಸಿಕೊಳ್ಳುವುದಿಲ್ಲ.

ಗಾಡಿಗಳ ಲೆಕ್ಕದ ಹಾಳೆಯನ್ನೇ ತೆರೆದಿಟ್ಟು ಚಲಾಯಿಸಬೇಕು, ಏಕೆಂದರೆ ಸೆಲ್ಸ್ ಎಂದರೆ ಆಗ ಕಣ್ಣ ಮುಂದಿರುವ ಹಾಳೆಯ ಸೆಲ್‌ಗಳು. ಎಫ್8 ಒತ್ತುತ್ತಾ ಹೋದರೆ ಒಂದೊಂದೇ ಸಾಲು ನಡೆಯುವುದನ್ನು ನೋಡಬಹುದು. ಮೊದಲ ಸಲ ಹಾಗೇ ಮಾಡಿ. ಎಫ್5 ಒತ್ತಿದರೆ ಪೂರ್ತಿ ಓಡುತ್ತದೆ. ತೇವಾಂಶದ ಕಾಲಂ ಶೇಕಡಾ ರೂಪದಲ್ಲಿದ್ದರೆ ಸೆಲ್‌ನ ಒಳಗಿರುವುದು 17 ಅಲ್ಲ, 0.17. ಆಗ ಕೋಡ್‌ನಲ್ಲೂ 0.17 ಎಂದೇ ಬರೆಯಬೇಕು, ಇಲ್ಲವಾದರೆ ಒಂದು ಗಾಡಿಯೂ ಸಿಗುವುದಿಲ್ಲ. ಇಡೀ ಸಾಲುಗಳನ್ನು ನಕಲು ಮಾಡುತ್ತಿರುವುದರಿಂದ ಅಂಟಿಸುವ ಜಾಗ ಎ ಕಾಲಂನಲ್ಲೇ ಇರಬೇಕು. ಮರುದಿನ ಮತ್ತೆ ಎ2ಗೆ ಅಂಟಿಸಿದರೆ ಹಿಂದಿನ ದಿನದ್ದು ಅಳಿಯುತ್ತದೆ. ದಿನಕ್ಕೊಂದು ಫೈಲ್ ಇಡುವವರಿಗೆ ಆ ತೊಂದರೆಯಿಲ್ಲ.

ಹಗಲಿಗೊಂದು, ರಾತ್ರಿಗೊಂದು ಹಾಳೆ ಇಟ್ಟಿರುವ ಮಿಲ್‌ನವರು ಎರಡನ್ನೂ ಒಂದೇ ಗುಂಪಿಗೆ ಸೇರಿಸಲು ಹೋಗಬಾರದು. ಯೂನಿಯನ್ ಒಂದೇ ಹಾಳೆಯೊಳಗಿನ ರೇಂಜ್‌ಗಳನ್ನಷ್ಟೇ ಸೇರಿಸುತ್ತದೆ. ಹಾಳೆ ದಾಟಿದರೆ 1004 ದೋಷ. ಹಾಳೆಗೊಂದು ಗುಂಪು ಮಾಡಿ, ಒಂದರ ಕೆಳಗೊಂದು ಅಂಟಿಸಿ.

ಎಷ್ಟು ಗಾಡಿ ಬೇರೆಯಾದವು ಎಂದು ಮಾಲೀಕರು ಕೇಳಿಯೇ ಕೇಳುತ್ತಾರೆ. ಗುಂಪು.ರೋಸ್.ಕೌಂಟ್ ಅನ್ನು ನಂಬಬೇಡಿ. 4, 12, 13, 20ನೇ ಸಾಲುಗಳು ಗುಂಪಿನಲ್ಲಿದ್ದರೂ ಅದು 1 ಎನ್ನುತ್ತದೆ. ಮೊದಲ ತುಂಡನ್ನು ಮಾತ್ರ ಎಣಿಸುವುದು ಅದರ ರೀತಿ. ತೇವಾಂಶವನ್ನು ಪರೀಕ್ಷಿಸುವ ಇಫ್ ಸಾಲಿನ ಕೆಳಗೇ ಲೆಕ್ಕ = ಲೆಕ್ಕ + 1 ಎಂಬ ಸಾಲನ್ನು, ಎಂಡ್ ಸಬ್‌ಗೆ ಮೊದಲು ಎಂಎಸ್‌ಜಿಬಾಕ್ಸ್ ಲೆಕ್ಕ ಎಂಬುದನ್ನು ಸೇರಿಸಿ. ಆಗ 4 ಎಂದೇ ತೋರಿಸುತ್ತದೆ. ಫೈಲ್ ಉಳಿಸುವಾಗ ಮ್ಯಾಕ್ರೊ ಹಿಡಿದಿಡುವ ಎಕ್ಸ್‌ಎಲ್‌ಎಸ್‌ಎಂ ಮಾದರಿಯನ್ನೇ ಆರಿಸಿ. ಮಾಮೂಲಿ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಉಳಿಸಿದರೆ ಬರೆದ ಕೋಡ್ ಮರುದಿನಕ್ಕೆ ಇರುವುದಿಲ್ಲ.