ಹಡಿಲು (ಬೇಸಾಯ ಮಾಡದೆ ಬಿಟ್ಟ) ಗದ್ದೆಗೆ ಸೋಲಾರ್ ಬರುವ ಮೊದಲು ಮಾಡಬೇಕಾದ ಕೆಲಸ

ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ, ಮೀಂಜ, ಚಿಪ್ಪಾರಿನಲ್ಲಿ ಹರಡಿರುವ 50 ಮೆಗಾವಾಟಿನ ಸೋಲಾರ್ ಘಟಕಕ್ಕೆ 250 ಎಕರೆ ಹಿಡಿಯಿತು. ಮೆಗಾವಾಟಿಗೆ 5 ಎಕರೆ. ನಿಮ್ಮೂರಿನ ಯೋಜನೆ ಎಷ್ಟು ಮೆಗಾವಾಟಿನದೆಂದು ಗೊತ್ತಾದರೆ ಹೋಗುವ ಜಾಗವನ್ನು ನೀವೇ ಲೆಕ್ಕ ಹಾಕಬಹುದು. ಯಾರೋ ಕರೆದು ಅಭಿಪ್ರಾಯ ಕೇಳುತ್ತಾರೆಂದು ಮಾತ್ರ ಕಾಯಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ವ್ಯಾಪ್ತಿಗೆ ಸೋಲಾರ್ ಬರುವುದಿಲ್ಲ, ಆದ್ದರಿಂದ ಅದರಡಿ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ.

ಮೊದಲು ಸರ್ವೆ ನಂಬರುಗಳ ಪಟ್ಟಿ ಮಾಡಿ. ಪ್ರತಿ ನಂಬರಿನ ಎದುರು ವಿಸ್ತೀರ್ಣ, ವಿಲೇಜ್ ಆಫೀಸಿನ ಬಿಟಿಆರ್‌ನಲ್ಲಿ (ಮೂಲ ತೆರಿಗೆ ದಾಖಲೆ) ಇರುವ ವರ್ಗ, ಕೃಷಿಭವನದ ಡೇಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗುಭೂಮಿಗಳ ಅಧಿಕೃತ ಪಟ್ಟಿ) ಇದೆಯೋ ಇಲ್ಲವೋ, ಈಗಿನ ಬೆಳೆ ಬರೆಯಿರಿ. "ಕೃಷಿಭೂಮಿ ಉಳಿಸಿ" ಎಂದಷ್ಟೇ ಬರೆದ ಮನವಿ ಕಡತದಲ್ಲೇ ಉಳಿಯುತ್ತದೆ, ಯಾಕೆಂದರೆ ಪರಿಶೀಲಿಸಲು ಅದರಲ್ಲಿ ಏನೂ ಇರುವುದಿಲ್ಲ.

ಜಾಗ ಡೇಟಾ ಬ್ಯಾಂಕಿನಲ್ಲಿದ್ದರೆ ನಿಮ್ಮ ಕೈ ಗಟ್ಟಿ. 2008ರ ಕೇರಳ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾನೂನು ಪರಿವರ್ತನೆಯನ್ನು ತಡೆಯುತ್ತದೆ. ಆದ್ದರಿಂದ ಫಾರಂ 5 ಹಾಕಿ ಜಾಗವನ್ನು ಡೇಟಾ ಬ್ಯಾಂಕಿನಿಂದ ತೆಗೆಸುವ ಪ್ರಯತ್ನ ಮೊದಲು ನಡೆಯುತ್ತದೆ. ಹೋರಾಟದ ನಿಜವಾದ ಜಾಗ ಅದೇ. ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಅಥವಾ ಅಧಿಕಾರವಿರುವ ಡೆಪ್ಯುಟಿ ಕಲೆಕ್ಟರಿಗೆ ಮುಂಚೆಯೇ ಲಿಖಿತ ಆಕ್ಷೇಪ ಕೊಟ್ಟು, ತೀರ್ಮಾನಕ್ಕೆ ಮೊದಲು ನಮ್ಮ ಮಾತೂ ಕೇಳಬೇಕೆಂದು ಬರೆದು ಸ್ವೀಕೃತಿ ಪಡೆಯಿರಿ. ಕೃಷಿ ಅಧಿಕಾರಿಯ ವರದಿ ಮತ್ತು ಉಪಗ್ರಹ ಚಿತ್ರದ ವರದಿಯ ಪ್ರತಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

ಗದ್ದೆ ಕಾನೂನು ಜಾರಿಗೆ ಬಂದದ್ದು 2008ರ ಆಗಸ್ಟ್ 12ರಂದು. ಆ ದಿನ ಅಲ್ಲಿ ಏನಿತ್ತು ಎಂಬುದೇ ಪ್ರಶ್ನೆ. ಆಗಿನ ಭತ್ತದ ಸಹಾಯಧನದ ಕಾಗದ, ಪಾಡಶೇಖರ ಸಮಿತಿಯ (ಗದ್ದೆ ಬಯಲಿನ ರೈತರ ಸಮಿತಿ) ಪುಸ್ತಕ, ಗೂಗಲ್ ಅರ್ತ್‌ನ ಹಳೆಯ ಚಿತ್ರ ಹುಡುಕಿ ಇಡಿ. ಎದುರಿನವರ ವಾದ ಹೆಚ್ಚಾಗಿ ಒಂದೇ: ಗದ್ದೆ ವರ್ಷಗಳಿಂದ ಹಡಿಲು ಬಿದ್ದಿದೆ, ಅದು ಗದ್ದೆಯೇ ಅಲ್ಲ. ಇದಕ್ಕೆ ಉತ್ತರ ಕಾನೂನಿನ ವ್ಯಾಖ್ಯೆಯಲ್ಲೇ ಇದೆ. ಭತ್ತಕ್ಕೆ ಯೋಗ್ಯವಾಗಿದ್ದು ಬೇಸಾಯ ಮಾಡದೆ ಹಡಿಲು ಬಿಟ್ಟ ಜಾಗವೂ ಗದ್ದೆಯೇ. ಈ ಸಾಲನ್ನು ಆಕ್ಷೇಪದ ಮೊದಲ ಪುಟದಲ್ಲೇ ಬರೆಯಿರಿ.

ಬಿಟಿಆರ್‌ನಲ್ಲಿ ಗದ್ದೆಯಾಗಿದ್ದೂ ಡೇಟಾ ಬ್ಯಾಂಕಿನಲ್ಲಿ ಇಲ್ಲದಿದ್ದರೆ ಅರ್ಜಿ ಬೇರೆ ಫಾರಂನಲ್ಲಿ ಹೋಗುತ್ತದೆ. ಆಗ ತಡೆಯುವುದು ಕಷ್ಟ. ಆದರೂ 20.23 ಆರ್, ಅಂದರೆ 50 ಸೆಂಟ್ಸ್ ಮೀರಿದರೆ ಶೇ. 10 ಜಾಗ ನೀರು ಉಳಿಸಲು ಬಿಡಲೇಬೇಕು. ನಕ್ಷೆಯಲ್ಲಿ ಅದು ಎಲ್ಲಿದೆ ಎಂದು ಕೇಳಿ.

ಅನುಮತಿ ಇಲ್ಲದೆ ಜೆಸಿಬಿ ಇಳಿದರೆ ದಿನಾಂಕವಿರುವ ಫೋಟೊ ಸಮೇತ ಅದೇ ದಿನ ವಿಲೇಜ್ ಆಫೀಸರ್ ಮತ್ತು ಕೃಷಿ ಅಧಿಕಾರಿಗೆ ದೂರು ಕೊಡಿ, ಕಲೆಕ್ಟರಿಗೂ ಒಂದು ಪ್ರತಿ ಕಳಿಸಿ. ಗದ್ದೆಯನ್ನು ಹಿಂದಿನಂತೆ ಮಾಡಿಸುವ ಅಧಿಕಾರ 13ನೇ ವಿಧಿಯಡಿ ಕಲೆಕ್ಟರಿಗಿದೆ. ಮಂಜೇಶ್ವರ, ಕಾಸರಗೋಡು ತಾಲೂಕಿನವರು ಇವನ್ನೆಲ್ಲ ಕನ್ನಡದಲ್ಲೇ ಬರೆಯಬಹುದು. ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಆಡಳಿತ ಭಾಷಾ ಕಾನೂನು ಕೊಟ್ಟಿದೆ.

ಪದವಿನಲ್ಲಿ (ಗುಡ್ಡದ ಮೇಲಿನ ಮುರಕಲ್ಲಿನ ಬಯಲು) ಬರುವ ಯೋಜನೆಗೆ ಗದ್ದೆ ಕಾನೂನು ನಾಟುವುದಿಲ್ಲ. ಅಲ್ಲಿ ನೀರಿನ ಮಾತೇ ಎತ್ತಬೇಕು. ಮುರಕಲ್ಲಿನೊಳಗೆ ಇಂಗಿದ ಮಳೆನೀರೇ ಕೆಳಗಿನ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಿಲ), ಬಾವಿ, ತೋಡುಗಳಿಗೆ ಬರುವುದು. ಆ ಬಯಲನ್ನು ಸಮತಟ್ಟು ಮಾಡಿದರೆ ಆ ನೀರು ಇಂಗದೆ ಹರಿದು ಹೋಗಬಹುದು. ಕೆಲಸ ಶುರುವಾಗುವ ಮೊದಲಿನ ಏಪ್ರಿಲ್, ಮೇ ತಿಂಗಳಲ್ಲಿ ಕೆಳಗಿನ ಪ್ರತಿ ಬಾವಿಯ ನೀರಿನ ಆಳವನ್ನು ಟೇಪಿನಲ್ಲಿ ಅಳೆಯಿರಿ. ಸುರಂಗದ ನೀರು ಒಂದು ಕೊಡ ತುಂಬಲು ಎಷ್ಟು ನಿಮಿಷ ಹಿಡಿಯುತ್ತದೆಂದು ನೋಡಿ, ಮನೆಯವರ ಸಹಿ ಹಾಕಿಸಿ ಇಡಿ. ಮುಂದೆ ಬಾವಿ ಬತ್ತಿದಾಗ ತೋರಿಸಲು ಬೇರೆ ಪುರಾವೆ ಸಿಗುವುದಿಲ್ಲ.